ಬಕೆಟ್ಟಿಗೆ ವಾರಸುದಾರರುಂಟು, ಬಣ್ಣಕ್ಕೆ?

ಚಿಕ್ಕೋಡಿ ಸೀಮೆಯ ಯಾವ ಮನೆಗೆ ಹೋದರೂ ಇಪ್ಪತ್ತು ಲೀಟರಿನ ಬಣ್ಣದ ಬಕೆಟ್ಟೊಂದು ಕಣ್ಣಿಗೆ ಬೀಳುತ್ತದೆ. ಬಚ್ಚಲಲ್ಲಿ ನೀರು ತುಂಬಿಕೊಂಡೋ, ದನದ ಮನೆಯಲ್ಲಿ ಹಿಂಡಿ ನೆನೆಸಿಕೊಂಡೋ, ಅಂಗಳದಲ್ಲಿ ಕರಿಬೇವಿನ ಗಿಡ ಹೊತ್ತುಕೊಂಡೋ ಅದು ವರ್ಷಗಟ್ಟಲೆ ದುಡಿಯುತ್ತದೆ. ಬಣ್ಣದ ಕೆಲಸ ಮುಗಿದ ದಿನ ಖಾಲಿ ಬಕೆಟ್ಟು ಮನೆಯವರದೋ ಪೇಂಟರನದೋ ಎಂದು ಸಣ್ಣದೊಂದು ವಾದವೂ ನಡೆಯುವುದುಂಟು. ತಳದಲ್ಲಿ ಉಳಿದ ಬಣ್ಣಕ್ಕೆ ಮಾತ್ರ ಯಾರೂ ವಾದಿಸುವುದಿಲ್ಲ. “ಉಳದದ್ದು ನೀವs ಇಟ್ಕೋರಿ ಅಕ್ಕಾರ, ಮುಂದ ಎಲ್ಲರೆ ಬೇಕಾಗ್ತದ” ಎನ್ನುತ್ತಾನೆ ಪೇಂಟರ. ಅಕ್ಕ ಅದನ್ನು ಅಟ್ಟಕ್ಕೇರಿಸುತ್ತಾಳೆ. ಬೇಕಾಗುವ ಹೊತ್ತಿಗೆ ಅದು ಕೆನೆಗಟ್ಟಿ ರಬ್ಬರಿನಂತಾಗಿರುತ್ತದೆ. ಆಗಿರದಿದ್ದರೂ, ಮಗನ ಮದುವೆಗೆ ಹಳೆ ಬಣ್ಣ ಯಾರು ಬಳಿಸುತ್ತಾರೆ?

ಕಾನೂನಿನ ಕಣ್ಣೂ ಬಕೆಟ್ಟಿನ ಮೇಲೆಯೇ ಇದೆ. ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಿಗೆ 2022ರಲ್ಲಿ ಬಂದ ತಿದ್ದುಪಡಿಯಂತೆ, ಪ್ಲಾಸ್ಟಿಕ್ಕಿನಲ್ಲಿ ತುಂಬಿ ಸರಕು ಮಾರುವ ಕಂಪನಿ ನಿಗದಿಯಾದಷ್ಟು ಪ್ಲಾಸ್ಟಿಕ್ಕನ್ನು ಮರಳಿ ಸಂಗ್ರಹಿಸಿದ್ದಕ್ಕೆ ಲೆಕ್ಕ ಒಪ್ಪಿಸಬೇಕು. ಬ್ಯಾಟರಿಗೆ, ಟೈರಿಗೆ, ಕೆಟ್ಟ ಟಿವಿಗೆ ಹೀಗೇ ಒಬ್ಬೊಬ್ಬ ವಾರಸುದಾರನಿದ್ದಾನೆ. 2024ರ ಏಪ್ರಿಲ್‌ನಿಂದ ಗಾಡಿಯಿಂದ ತೆಗೆದ ಹಳೆ ಆಯಿಲ್ಲಿಗೂ ಇದ್ದಾನೆ. ಬಣ್ಣಕ್ಕೆ ಮಾತ್ರ ಇಲ್ಲ. ಬಣ್ಣ ಮಾಡಿದವರೇ, ಮಾರಿದ ಅಂಗಡಿಯ ಮೂಲಕವೇ ಉಳಿಕೆಯನ್ನು ಮರಳಿ ಪಡೆಯುವ ವ್ಯವಸ್ಥೆ ರಾಜ್ಯಕ್ಕೆಲ್ಲ ಒಂದೇ ಆಗಿ ಬರಬೇಕು ಎಂಬುದು ನನ್ನ ವಾದ. ಅದನ್ನು ಪಟ್ಟಣ ಪಂಚಾಯಿತಿಯ ತಲೆಗೆ ಕಟ್ಟಿದರೂ ಆಗದು, ಮನೆಯವರ ಒಳ್ಳೆಯತನಕ್ಕೆ ಬಿಟ್ಟರೂ ಆಗದು.

ಹಿಂದೆ ಈ ಪ್ರಶ್ನೆ ಏಳುತ್ತಿರಲಿಲ್ಲ. ಹಬ್ಬದ ಮುಂಚೆ ಸುಣ್ಣದ ಹರಳು ತಂದು, ನೀರು ಹಾಕಿ ಅರಳಿಸಿ, ಚೂರು ನೀಲಿ ಬೆರೆಸಿ ಗೋಡೆಗೆ ಬಳಿಯುತ್ತಿದ್ದರು. ಕೆಳಗೊಂದು ಕೆಮ್ಮಣ್ಣಿನ ಪಟ್ಟಿ. ಉಳಿದದ್ದು ಗಿಡದ ಬೊಡ್ಡೆಗೆ ಹೋಗುತ್ತಿತ್ತು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಎಲ್ಲಿ ಚೆಲ್ಲಿದರೂ ಚಿಂತೆಯಿಲ್ಲ. ಆ ಕಾಲವೇ ಚಂದವಿತ್ತೆಂದು ನಾನು ಹಲುಬುತ್ತಿಲ್ಲ. ಗೋಡೆಗೆ ಒರಗಿದವರ ಬೆನ್ನೆಲ್ಲ ಬೆಳ್ಳಗಾಗುತ್ತಿದ್ದುದು, ಪ್ರತಿ ವರ್ಷ ಹೆಂಗಸರ ಕೈ ಸುಣ್ಣ ತಿಂದು ಬಿರಿಯುತ್ತಿದ್ದುದು ಮರೆಯುವಂಥದ್ದಲ್ಲ. ಒಮ್ಮೆ ಬಳಿದರೆ ಐದಾರು ವರ್ಷ ನಿಲ್ಲುವ ಬಣ್ಣ ಬಂದದ್ದು ಒಳ್ಳೆಯದೇ. ಅದರ ಉಳಿಕೆ ಸುಣ್ಣದ ಉಳಿಕೆಯಂತಲ್ಲ ಎಂಬುದನ್ನು ನಾವಿನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೇ.

ಗೋಡೆಯ ಇಮಲ್ಷನ್ನು, ಡಿಸ್ಟೆಂಪರು ನೀರಿನ ಬಣ್ಣಗಳು. ಅವುಗಳಲ್ಲಿ ಅಂಟು, ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಡಬ್ಬಿಯಲ್ಲಿ ಬೂಸು ಬರದಂತೆ ಬೆರೆಸಿದ ಸೂಕ್ಷ್ಮಜೀವಿನಾಶಕ ಇರುತ್ತವೆ. ಗಟಾರಕ್ಕೆ ಸುರಿದರೆ ಇವೆಲ್ಲ ಹಳ್ಳ ಸೇರುತ್ತವೆ. ಬಾಗಿಲು, ಕಿಟಕಿ, ಗ್ರಿಲ್ಲಿಗೆ ಹೊಡೆಯುವ ಆಯಿಲ್ ಪೇಂಟು ಬೇರೆಯೇ ಜಾತಿ. ಅದರ ದ್ರಾವಕ ಬೆಂಕಿ ಹಿಡಿಯುವಂಥದ್ದು, ತಲೆಗೇರುವಂಥದ್ದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ಕೇಂದ್ರದ ನಿಯಮ ಹೊರಟದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಮುಂಚಿನ ಡಬ್ಬಿಗಳು ಅಟ್ಟದ ಮೇಲಿದ್ದರೆ ಅವುಗಳಲ್ಲಿ ಎಷ್ಟು ಸೀಸವಿದೆಯೆಂದು ಮುಚ್ಚಳ ತೆಗೆದು ನೋಡಿ ಹೇಳಲು ಬರುವುದಿಲ್ಲ. ಕಾರಹುಣ್ಣಿಮೆಯ ಹಿಂದಿನ ದಿನ ಅಂಥ ಡಬ್ಬಿಗಳು ಕೆಳಗಿಳಿಯುತ್ತವೆ. ಗ್ರಿಲ್ಲಿಗೆ ತಂದು ಉಳಿದ ಕೆಂಪು, ಹಸಿರು ಎತ್ತಿನ ಕೋಡಿಗೇರುತ್ತವೆ. ನಮ್ಮ ಕಡೆ ಆಯಿಲ್ ಪೇಂಟಿನ ಮರುಬಳಕೆ ಎಂದು ಏನಾದರೂ ಇದ್ದರೆ ಅದು ಇದೇ. ಕೋಡು ತಿಕ್ಕಿಕೊಳ್ಳುವ, ಜೊತೆಯೆತ್ತಿನ ಮೈ ನೆಕ್ಕುವ ಪ್ರಾಣಿಗೆ ಅದು ಹಬ್ಬವಲ್ಲ.

“ನಮ್ಮಲ್ಲಿ ಉಳಿಯೋದಾದರೂ ಎಷ್ಟು?” ಎಂಬ ಮಾತು ಬರುತ್ತದೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಅಲ್ಲಿ ಕೊಂಡ ಬಣ್ಣದಲ್ಲಿ ಸುಮಾರು ಶೇ 10ರಷ್ಟು ಬಳಕೆಯಾಗದೆ ಉಳಿಯುತ್ತದೆ. ಅಲ್ಲಿ ಮನೆಯ ಯಜಮಾನನೇ ಬ್ರಶ್ಶು ಹಿಡಿಯುತ್ತಾನೆ, ಎರಡು ಡಬ್ಬಿ ಹೆಚ್ಚಿಗೆ ತರುತ್ತಾನೆ. ಇಲ್ಲಿ ಕೆಲಸ ಬಲ್ಲ ಪೇಂಟರ ಗೋಡೆ ನೋಡಿಯೇ ಲೀಟರು ಹೇಳುತ್ತಾನೆ. ಕಡಿಮೆ ಬಿದ್ದರೆ ನೀರಿನ ಆಸರೆಯಿದೆ! ಹಾಗಾಗಿ ಮನೆಗೊಂದರಂತೆ ನೋಡಿದರೆ ನಮ್ಮ ಉಳಿಕೆ ಚಿಕ್ಕದು. ಆದರೆ ಅಂಗಡಿಯ ಯಂತ್ರದಲ್ಲಿ ಬೇಕಾದ ಛಾಯೆಗೆ ಬೆರೆಸಿದ ಬಣ್ಣವನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ, ಇನ್ನೊಬ್ಬರಿಗೆ ಆ ಛಾಯೆ ಬೇಕಿರುವುದಿಲ್ಲ. ಅಲ್ಲೊಂದು ಲೀಟರು, ಇಲ್ಲಿ ಅರ್ಧ ಲೀಟರು ಎಂದು ಇವು ಕೂಡಿಬೀಳುವುದು ಪೇಂಟರರ ಮನೆಯ ಮೂಲೆಯಲ್ಲಿ, ಗುತ್ತಿಗೆದಾರರ ಶೆಡ್ಡಿನಲ್ಲಿ. ಉಳಿದ ಬಣ್ಣ ಮರಳಿ ಪಡೆಯಲು ಅಮೆರಿಕದಲ್ಲಿರುವ ಯೋಜನೆಯನ್ನು ಇದ್ದ ಹಾಗೆಯೇ ಎತ್ತಿ ತಂದು ಇಲ್ಲಿ ನೆಟ್ಟರೆ ಅದು ಮನೆಬಾಗಿಲಲ್ಲಿ ಕಾಯುತ್ತ ಕೂರುತ್ತದೆ. ಬಣ್ಣ ಇರುವುದು ಬೇರೆ ಕಡೆ.

ಹಾಗೆಂದು ಆ ಯೋಜನೆಯಲ್ಲಿ ಕಲಿಯಬೇಕಾದದ್ದೇನೂ ಇಲ್ಲವೆಂದಲ್ಲ. 2009ರಲ್ಲಿ ಅಲ್ಲಿಯ ಆರಿಗಾನ್ ರಾಜ್ಯ ಇದಕ್ಕೊಂದು ಕಾನೂನು ಮಾಡಿತು. ಬಣ್ಣದ ಕಂಪನಿಗಳ ಸಂಘವೇ ‘ಪೇಂಟ್‌ಕೇರ್’ ಎಂಬ ಲಾಭರಹಿತ ಸಂಸ್ಥೆ ಕಟ್ಟಿ 2010ರಲ್ಲಿ ಸಂಗ್ರಹಣೆ ಆರಂಭಿಸಿತು. ಆಮೇಲೆ ಕ್ಯಾಲಿಫೋರ್ನಿಯಾ, ಕನೆಕ್ಟಿಕಟ್ ಮೊದಲಾದ ರಾಜ್ಯಗಳು ಅದೇ ದಾರಿ ಹಿಡಿದವು. ಹೊಸ ಡಬ್ಬಿ ಮಾರುವಾಗಲೇ ಸಣ್ಣ ಶುಲ್ಕ ಸೇರಿರುತ್ತದೆ. ಮೊದಲಿಗೆ ಒಂದು ಗ್ಯಾಲನ್ ಡಬ್ಬಿಗೆ 75 ಸೆಂಟ್ ಇತ್ತು. ಉಳಿದ ಬಣ್ಣವನ್ನು ಯಾವ ಕಂಪನಿಯದಾದರೂ ಸರಿ, ಹತ್ತಿರದ ಬಣ್ಣದ ಅಂಗಡಿಗೆ ಒಯ್ದು ಪುಕ್ಕಟೆ ಕೊಡಬಹುದು. ಚೆನ್ನಾಗಿರುವುದನ್ನು ಬೇಕೆಂದವರಿಗೆ ಕೊಡುತ್ತಾರೆ. ನೀರಿನ ಬಣ್ಣವನ್ನು ಛಾಯೆವಾರು ವಿಂಗಡಿಸಿ, ಸೋಸಿ, ಕೂಡಿಸಿ ಮತ್ತೆ ಬಣ್ಣ ಮಾಡುತ್ತಾರೆ. ಆಯಿಲ್ ಪೇಂಟು ಹೆಚ್ಚಾಗಿ ಉರುವಲಾಗುತ್ತದೆ. ಆಸ್ಟ್ರೇಲಿಯಾದಲ್ಲಿ 2016ರಿಂದ ಲೀಟರಿಗೆ 15 ಸೆಂಟಿನಂತೆ ಇಡೀ ದೇಶಕ್ಕೆ ಒಂದೇ ಯೋಜನೆಯಿದೆ. ಇವೆಲ್ಲದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದೇ: ಹಣ ಮುಂಚೆಯೇ ಬಂದಿರುತ್ತದೆ. ಬಣ್ಣ ತಂದುಕೊಡುವವನ ಹತ್ತಿರ ಯಾರೂ ಏನೂ ಕೇಳುವುದಿಲ್ಲ.

ನಮ್ಮ ನಿಯಮ ತಿರುವುಮುರುವಾಗಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ ಬಿಸಾಡಿದ ಬಣ್ಣದ ಡಬ್ಬಿಯನ್ನು ಹೆಸರಿಸಿಯೇ ಸೇರಿಸಿದವು. ಇಪ್ಪತ್ತು ಚದರ ಕಿಲೋಮೀಟರಿಗೊಂದು ಸಂಗ್ರಹ ಕೇಂದ್ರವನ್ನು ಸ್ಥಳೀಯ ಸಂಸ್ಥೆ ತೆರೆಯಬೇಕೆಂದವು. 2026ರ ಹೊಸ ನಿಯಮಗಳಲ್ಲಿ ಹಸಿ, ಒಣ, ನೈರ್ಮಲ್ಯ ತ್ಯಾಜ್ಯಗಳ ಜೊತೆ ವಿಶೇಷ ಕಾಳಜಿಯ ತ್ಯಾಜ್ಯವೆಂಬ ನಾಲ್ಕನೆಯ ಬುಟ್ಟಿಯೂ ಬಂದಿದೆ, ಬಣ್ಣದ ಡಬ್ಬಿ ಅದರಲ್ಲಿ. ಓದಲು ಚೆನ್ನಾಗಿದೆ. ಆದರೆ ನಮ್ಮ ಸೀಮೆಯ ಕಬ್ಬೂರಿನಂಥ ಪಟ್ಟಣ ಪಂಚಾಯಿತಿ ಆ ಡಬ್ಬಿಯನ್ನು ಪಡೆದುಕೊಂಡ ಮೇಲೆ ಏನು ಮಾಡಬೇಕು? ಅಪಾಯಕಾರಿ ತ್ಯಾಜ್ಯ ಹೂಳುವ ಜಾಗವಿರುವುದು ನೆಲಮಂಗಲದಾಚೆಯ ದಾಬಸ್‌ಪೇಟೆಯಂಥ ಕಡೆ. ಇಲ್ಲಿಂದ ಐನೂರು ಕಿಲೋಮೀಟರಿನ ಆಸುಪಾಸು. ಬೀದಿದೀಪ, ಕುಡಿಯುವ ನೀರಿಗೇ ಲೆಕ್ಕ ಹಾಕುವ ಸಂಸ್ಥೆ ನಾಲ್ಕು ಡಬ್ಬಿ ಬಣ್ಣಕ್ಕೆ ಲಾರಿ ಕಟ್ಟಿಸೀತೆ? ಕರ್ತವ್ಯ ಹೇಳಿ ಖರ್ಚು ಹೇಳದ ನಿಯಮ ಯಾರನ್ನೂ ನಡೆಸುವುದಿಲ್ಲ.

ಹಾಗಾದರೆ ಯಾರಿಗೆ ಸಾಧ್ಯ? ಈಗಾಗಲೇ ಆ ದಾರಿಯಲ್ಲಿ ಓಡಾಡುತ್ತಿರುವವರಿಗೆ. ಬಣ್ಣದ ಕಂಪನಿಗಳು ಬಕೆಟ್ಟಿನೊಳಗೆ ಪೇಂಟರರಿಗಾಗಿ ಟೋಕನ್ ಇಡುತ್ತ ಬಂದಿವೆ. ಈಗ ಅದು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಸಂಕೇತವಾಗಿದೆ. ಪೇಂಟರ ಸ್ಕ್ಯಾನ್ ಮಾಡಿದೊಡನೆ ಅಂಕವೋ ಹಣವೋ ಜಮೆ. ಯಾವ ಊರಿನ ಯಾವ ಪೇಂಟರ ಯಾವ ಬಕೆಟ್ಟು ತೆರೆದನೆಂದು ಮುಂಬೈಯಲ್ಲಿ ಕುಳಿತ ಕಂಪನಿಗೆ ಗೊತ್ತಿದೆ. ಬಕೆಟ್ಟು ತೆರೆದದ್ದಕ್ಕೆ ಹಣ ಕೊಡಬಲ್ಲವರು ಉಳಿದದ್ದನ್ನು ಅಂಗಡಿಗೆ ತಂದದ್ದಕ್ಕೂ ಕೊಡಬಲ್ಲರು. ಅಂಗಡಿಗೆ ಹೊಸ ಮಾಲು ಇಳಿಸಿದ ಗಾಡಿ ಖಾಲಿ ಹಿಂತಿರುಗುವ ಬದಲು ಉಳಿಕೆ ಹೇರಿಕೊಂಡು ಹೋಗಬಹುದು. ಅದಕ್ಕೆ ಅಪಾಯಕಾರಿ ತ್ಯಾಜ್ಯ ಸಾಗಣೆಯ ಕಠಿಣ ಕಾಗದಪತ್ರದಿಂದ, ಮುಚ್ಚಳ ಭದ್ರವಾಗಿರಬೇಕೆಂಬ ಷರತ್ತಿನ ಮೇಲೆ, ಸರಕಾರ ವಿನಾಯಿತಿ ಕೊಡಬೇಕಾದೀತು. ಆಯಿಲ್ ಪೇಂಟಂತೂ ದಾಬಸ್‌ಪೇಟೆಯವರೆಗೆ ಹೋಗಬೇಕಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯಿದ್ದರೆ ಸಿಮೆಂಟಿನ ಗೂಡಿನಲ್ಲಿ ಇಂಥದ್ದನ್ನು ಉರಿಸಬಹುದು. ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿ, ಪಕ್ಕದ ಜಿಲ್ಲೆಯಲ್ಲೇ, ಸಿಮೆಂಟ್ ಕಾರ್ಖಾನೆಯಿದೆ.

ಇದರ ಖರ್ಚಿಗೆ ಇಲ್ಲೂ ಹೊಸ ಡಬ್ಬಿಯ ಬೆಲೆಯಲ್ಲೇ ಸಣ್ಣ ಶುಲ್ಕ ಸೇರಬೇಕು. ಆ ಶುಲ್ಕ ಬಡವರಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪವನ್ನು ನಾನು ಅಷ್ಟು ದೊಡ್ಡದೆಂದು ಎಣಿಸುವುದಿಲ್ಲ. 2018ರ ಜುಲೈನಲ್ಲಿ ಬಣ್ಣದ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅಷ್ಟು ಏರಿಳಿತ ತಾಳಿದ ಮಾರುಕಟ್ಟೆ ಲೀಟರಿಗೆ ಒಂದು ರೂಪಾಯಿಯ ಶುಲ್ಕವನ್ನು ತಾಳಲಾರದೆ? ಗಡಿಯದು ಅದಕ್ಕಿಂತ ಗಟ್ಟಿಯಾದ ಆಕ್ಷೇಪ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದ ಜನಕ್ಕೆ ಕೊಲ್ಹಾಪುರ, ಇಚಲಕರಂಜಿ, ಮಿರಜ ಪರದೇಶವಲ್ಲ. ಮದುವೆಯ ಜವಳಿ ತರಲು ಹೋದವರು ಬಣ್ಣವನ್ನೂ ತರುತ್ತಾರೆ. ಕರ್ನಾಟಕ ಮಾತ್ರ ಶುಲ್ಕ ಹಾಕಿದರೆ ಅಲ್ಲಿ ಕೊಂಡ ಬಣ್ಣದ ಉಳಿಕೆ ಇಲ್ಲಿಯ ಅಂಗಡಿಗೆ ಬರುತ್ತದೆ, ಖರ್ಚು ಇಲ್ಲಿಯವರದು. ಇದನ್ನು ತಡೆಯಲು ರಸೀದಿ ಕೇಳಿದರೆ ಯೋಜನೆ ಅಂದೇ ಸತ್ತಂತೆ. ಶುಲ್ಕ ದೇಶಕ್ಕೆಲ್ಲ ಒಂದಾಗುವವರೆಗೆ ಗಡಿ ತಾಲ್ಲೂಕುಗಳ ಈ ಸೋರಿಕೆಯನ್ನು ಒಪ್ಪಿಕೊಳ್ಳುವುದೇ ಮೇಲು. ಬಣ್ಣ ಎಲ್ಲಿಯದಾದರೂ ಹಳ್ಳ ನಮ್ಮದೇ ತಾನೆ.

ಶುಲ್ಕದ ಹಣ ಮಾತ್ರ ಸರಕಾರದ ಖಜಾನೆಗೆ ಹೋಗಕೂಡದು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಎತ್ತಿದ ಸೆಸ್ಸು ದೇಶದಾದ್ಯಂತ ಖರ್ಚಾಗದೆ ಬಿದ್ದಿರುವುದನ್ನು ಕಂಡು 2018ರಲ್ಲಿ ಸುಪ್ರೀಂ ಕೋರ್ಟೇ ಸಿಡಿಮಿಡಿಗೊಂಡಿತ್ತು. ಆ ಕಾರ್ಮಿಕರಲ್ಲಿ ಪೇಂಟರರೂ ಇದ್ದಾರೆ. ಹಾಗೆಂದು ಕಂಪನಿಗಳ ಕೈಗೇ ಪೂರ್ತಿ ಕೊಟ್ಟು ಸುಮ್ಮನಾಗುವುದೂ ಸರಿಯಲ್ಲ. ಹೊಸ ಬಣ್ಣ ಮಾರಿ ಬದುಕುವವನು ಉಳಿಕೆಯಿಂದ ಅಗ್ಗದ ಮರುಬಣ್ಣವನ್ನು ಮನಸಿಟ್ಟು ಮಾಡುತ್ತಾನೆಂದು ನಂಬುವುದು ಕಷ್ಟ. ಸಂಗ್ರಹ ಅವರದಾಗಿರಲಿ, ವರ್ಷಕ್ಕೊಮ್ಮೆ ಲೀಟರಿನ ಲೆಕ್ಕವನ್ನು ಸಾರ್ವಜನಿಕವಾಗಿ ಒಪ್ಪಿಸಲಿ. ಮರುಬಣ್ಣ ಮಾಡುವ ಕೆಲಸಕ್ಕೆ ರಾಜ್ಯದ ಹತ್ತಿರ ತನ್ನದೇ ಕಾರ್ಖಾನೆಯಿದೆ: 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ, ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿಯಿಂದ ಹೆಸರಾದ ಮೈಸೂರು ಪೇಂಟ್ಸ್. ಚುನಾವಣೆ ಇಲ್ಲದ ವರ್ಷಗಳಲ್ಲಿ ಅದಕ್ಕೂ ಕೆಲಸ ಬೇಕು. ಹತ್ತಾರು ಛಾಯೆ ಕೂಡಿದಾಗ ಬರುವುದು ಹೆಚ್ಚಾಗಿ ಮಣ್ಣುಬಣ್ಣ, ಬೂದುಬಣ್ಣ. ಮನೆಯ ಪಡಸಾಲೆಗೆ ಅದನ್ನು ಯಾರೂ ಒಲ್ಲರು. ಶಾಲೆಯ ಕಾಂಪೌಂಡಿಗೆ, ಬಸ್ ನಿಲ್ದಾಣಕ್ಕೆ, ಎಪಿಎಂಸಿ ಗೋದಾಮಿಗೆ ಸಾಕು. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಮರುಬಣ್ಣಕ್ಕೆಂದು ಒಂದು ಸಾಲು ಸೇರದಿದ್ದರೆ, ಸಂಗ್ರಹಿಸಿದ್ದೆಲ್ಲ ಮೈಸೂರಿನಲ್ಲಿ ಇನ್ನೊಂದು ಅಟ್ಟ ಸೇರುತ್ತದೆ.