ಪೆಟ್ಟಿಗೆಯ ಅಂಕಿ, ಕಿವಿಯ ಸಾಕ್ಷಿ

ದಿನದ ದುಡಿಮೆ ಮುಗಿಸಿ ಕೋಣೆಗೆ ಮರಳಿದ ನಮ್ಮ ಹೋಟೆಲು ಕಾರ್ಮಿಕ ಬಂಧುಗಳಿಗೆ ಇಂದು ಲ್ಯಾಪ್‌ಟಾಪು ಒಂದು ಸಂಗಾತಿ. ನಾಲ್ವರು ಕೂಡಿ ಹಣ ಹಾಕಿ ಕೊಂಡ ಹಳೆಯ ಯಂತ್ರವಾದರೂ ಸರಿಯೆ, ಅದರಲ್ಲಿ ಊರಿನ ಯಕ್ಷಗಾನವುಂಟು, ಗುಮಾಸ್ತ ಮಿತ್ರರಿಗೆ ಪರೀಕ್ಷೆಯ ಪಾಠವುಂಟು, ತಾಯಿಯ ಮುಖದರ್ಶನವುಂಟು. ಆದರೆ ಕಣ್ಣಿಗೆ ದೊರೆತಷ್ಟು ಕಿವಿಗೆ ದೊರೆಯದು. ಭಾಗವತರ ಪದ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಮದ್ದಳೆಯ ನಾದವಂತೂ ಮಾಯವೇ. ತಗ್ಗಿನ ನಾದ ಹೊರಡಬೇಕಾದರೆ ಹೆಚ್ಚು ಗಾಳಿ ಅಲುಗಬೇಕು. ತೆಳ್ಳನೆಯ ಯಂತ್ರದೊಳಗಿನ ಕಿರುಸ್ಪೀಕರಿಗೆ ಆ ಸಾಮರ್ಥ್ಯವಿಲ್ಲ. ಆದುದರಿಂದ ಹೊರಗಿನ ಸ್ಪೀಕರ್ ಜೋಡಿಯೊಂದನ್ನು ಬಯಸುವುದನ್ನು ಯಾರೂ ಶೋಕಿಯೆಂದು ಹಳಿಯಬೇಕಾಗಿಲ್ಲ.

ಆದರೆ ಕೊಳ್ಳುವಲ್ಲಿ ಮೋಸಹೋಗುವವರೇ ಬಹಳ. ಹೋಟೆಲು ನಡೆಸುತ್ತಿದ್ದಾಗ ನಾವೂ ಒಮ್ಮೆ ಪೆಟ್ಟಿಗೆಯ ಮೇಲಿನ ‘ಸಾವಿರ ವಾಟ್’ ನಂಬಿ ಜೋಡಿಯೊಂದನ್ನು ತಂದೆವು. ಧ್ವನಿ ಅರ್ಧಕ್ಕೇರುವ ಮೊದಲೇ ಅದು ಕರ್ಕಶವಾಗಿ ಒಡೆಯಿತು. ಆಮೇಲೆ ವಿಚಾರಿಸಿ ತಿಳಿದುದಿಷ್ಟು: ಪಿ.ಎಂ.ಪಿ.ಓ. ಎಂದು ಬರೆದ ಅಂಕಿ ಕ್ಷಣಮಾತ್ರದ ಶಿಖರವನ್ನು ಹೇಳುವಂಥದು. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಹಬ್ಬದ ದಿನದ ಒಂದು ಗಳಿಗೆಯ ನೂಕುನುಗ್ಗಲು ನೋಡಿ ವರ್ಷದ ವ್ಯಾಪಾರವನ್ನು ಗುಣಿಸಿದಂತೆ ಅದು. ನಿರಂತರವಾಗಿ ದೊರೆಯುವ ಶಕ್ತಿಯನ್ನು ತಿಳಿಸುವುದು ಆರ್.ಎಂ.ಎಸ್. ಎಂಬ ಅಂಕಿ. ನೋಡಬೇಕಾದುದು ಅದನ್ನೇ.

ಇನ್ನೂ ಒಂದು ಸರಳ ಲೆಕ್ಕವಿದೆ. ಯು.ಎಸ್.ಬಿ. 2.0 ಕಿಂಡಿಯಿಂದ ನಿಯಮದಂತೆ ದೊರೆಯುವ ವಿದ್ಯುತ್ತು 5 ವೋಲ್ಟ್, 500 ಮಿಲಿ ಆಂಪಿಯರ್, ಎಂದರೆ 2.5 ವಾಟ್. 3.0 ಕಿಂಡಿಯಾದರೆ 4.5 ವಾಟ್. ಆ ಕಿಂಡಿಯನ್ನೇ ನಂಬಿದ ಸ್ಪೀಕರು ನೂರು ವಾಟ್ ಕೊಡುವುದೆಂದರೆ, ಎರಡೂವರೆ ಸೇರು ಹಾಲಿನಿಂದ ನೂರು ಸೇರು ಮೊಸರು ತೆಗೆದಂತೆಯೇ ಸರಿ. ಹಾಗೆಂದು ಅಂಥ ಸ್ಪೀಕರನ್ನು ತುಚ್ಛವಾಗಿ ಕಾಣಬೇಕಾಗಿಲ್ಲ. ಮೇಜಿನ ಮುಂದೆ ಕುಳಿತು ಕೇಳುವವರಿಗೆ ಎರಡು ಮೂರು ವಾಟ್ ಧಾರಾಳ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ತಂತಿಯ ಒಳ್ಳೆಯ ಜೋಡಿ ದೊರೆಯುತ್ತದೆ. ಬ್ಲೂಟೂತಿನವು ಅನುಕೂಲವೇನೋ ಹೌದು; ಆದರೆ ಅವುಗಳ ಬ್ಯಾಟರಿಗೆ ಮುಪ್ಪುಂಟು, ಕೆಲವು ವೇಳೆ ತುಟಿ ಅಲುಗಿದ ಮೇಲೆ ಮಾತು ಬರುವುದೂ ಉಂಟು.

ಮುಂಬಯಿಯ ಲ್ಯಾಮಿಂಗ್ಟನ್ ರೋಡಾಗಲಿ, ಚೆನ್ನೈಯ ರಿಚ್ಚಿ ಸ್ಟ್ರೀಟಾಗಲಿ, ದಿಲ್ಲಿಯ ನೆಹರೂ ಪ್ಲೇಸಾಗಲಿ, ಹೋಗುವಾಗ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ಯಿರಿ. 3.5 ಮಿಲಿಮೀಟರಿನ ಪಿನ್ನು ಅದಕ್ಕೆ ಹೊಂದುವುದೋ ನೋಡಿರಿ. ಮೊದಲು ಬರಿಯ ಮಾತನ್ನು ಕೇಳಿರಿ. ಪರಿಚಿತ ಕಂಠವು ಪರಿಚಿತವಾಗಿಯೇ ಕೇಳಬೇಕು. ಬಳಿಕ ಮದ್ದಳೆಯ ಪೆಟ್ಟು. ಕಡೆಗೆ ಏನನ್ನೂ ನುಡಿಸದೆ ಕಿವಿಗೊಡಿರಿ. ಗುಂಯ್‌ಗುಡುವ ಸ್ಪೀಕರನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ರಶೀದಿಯಿಲ್ಲದೆ ಹಣ ಕೊಡತಕ್ಕದ್ದಲ್ಲ.

ದೊಡ್ಡ ಸಬ್‌ವೂಫರಿನ ಮೋಹಕ್ಕೆ ಬೀಳುವ ತರುಣರಿಗೆ ಒಂದು ಮಾತು. ತಗ್ಗಿನ ನಾದ ಗೋಡೆಯನ್ನು ಸುಲಭವಾಗಿ ದಾಟುತ್ತದೆ. ಗೋಡೆಯಾಚೆ ನಸುಕಿಗೇ ಎದ್ದು ಒಲೆ ಹಚ್ಚಬೇಕಾದ ನಮ್ಮವನೇ ಒಬ್ಬ ಮಲಗಿರಬಹುದು. ಹತ್ತು ಗಂಟೆಯ ಮೇಲೆ ಇಯರ್‌ಫೋನೇ ಲೇಸು.

ಕಂತಿನಲ್ಲಿ ಸಿಗುತ್ತದೆಂದು ತಿಂಗಳ ಸಂಬಳವನ್ನು ಅಡವಿಡುವುದಂತೂ ಸಲ್ಲದು. ಊರಿಗೆ ಹೋಗಬೇಕಾದ ಮನಿಯಾರ್ಡರು ತಡವಾದರೆ, ಎಂಥ ಸ್ಪೀಕರಿನಲ್ಲಿ ಕೇಳಿದರೂ ತಾಯಿಯ ದನಿ ಇಂಪಾಗಿರಲಾರದು. ನಮ್ಮವರು ಪೆಟ್ಟಿಗೆಯ ಅಂಕಿಯನ್ನು ಬಿಟ್ಟು ತಮ್ಮ ಕಿವಿಯ ಸಾಕ್ಷಿಯನ್ನೂ ಕಿಸೆಯ ಸಾಕ್ಷಿಯನ್ನೂ ನಂಬಿ ಕೊಳ್ಳುವರೆಂದು ಹಾರೈಸುತ್ತೇವೆ.