ಮೇಜಿನ ಮೇಲೆ ಮುಳಬಾಗಿಲ ಕಾಳಗ

ಯುದ್ಧರಂಗದ ಕಿರುಮಾದರಿಗಳನ್ನು ರಚಿಸುವ ಹವ್ಯಾಸವು ಬಾಲಕರಿಗೆ ಮಾತ್ರ ತಕ್ಕುದೆಂದು ಹಲವರು ಎಣಿಸುವರು. ನಾವಿದನ್ನು ಒಪ್ಪೆವು. ನವರಾತ್ರಿಯಲ್ಲಿ ಬೊಂಬೆಗಳ ಮುಂದೆ ಮಣ್ಣು ಹರಡಿ, ರಾಗಿಯ ಪೈರು ಮೊಳೆಯಿಸಿ, ಊರುಕೆರೆಗಳನ್ನು ನಿರ್ಮಿಸುವ ಕೈಗಳು ನಮ್ಮ ಬಾಲಿಕೆಯರವೇ ಅಲ್ಲವೆ? ಅದೇ ಕೈಗಳಿಗೆ ನಮ್ಮ ಸೀಮೆಯ ಚರಿತ್ರೆಯನ್ನೇಕೆ ಒಪ್ಪಿಸಬಾರದು?

೧೭೬೮ನೆಯ ಇಸವಿ ಅಕ್ಟೋಬರ್ ೪ರಂದು ಮುಳಬಾಗಿಲ ಬಂಡೆಗಳ ನಡುವೆ ಹೈದರಾಲಿಗೂ ಕಂಪೆನಿಯ ಕರ್ನಲ್ ವುಡ್ಡನಿಗೂ ಕಾಳಗವಾಯಿತು. ವುಡ್ಡನು ಸೋಲುವಂತಿದ್ದಾಗ ಕ್ಯಾಪ್ಟನ್ ಬ್ರೂಕನು ಚಿಕ್ಕದೊಂದು ತುಕಡಿಯೊಡನೆ ಎರಡು ಫಿರಂಗಿಗಳನ್ನು ಬಂಡೆಯ ಮೇಲಕ್ಕೊಯ್ದು, ಸ್ಮಿತ್ತನ ಸೈನ್ಯವೇ ಬಂದಿತೆಂದು ಕೂಗಿಸಿದನು. ಹೈದರನ ಸೈನ್ಯವು ಅದನ್ನು ನಂಬಿ ಹಿಂಜರಿಯಿತು.

ಕೆಲವೇ ಜನರು ಮಹಾಸೈನ್ಯವೆನಿಸಿಕೊಂಡುದು ಹೇಗೆ? ಆರಡಿಯನ್ನು ಒಂದಂಗುಲವಾಗಿಸುವ ಅಳತೆಯಲ್ಲಿ ಮಾದರಿ ಮಾಡಿ ನೋಡತಕ್ಕದ್ದು. ಅಂಗುಲದ ಸಿಪಾಯಿಯೆದುರು ಅರವತ್ತಡಿಯ ಬಂಡೆಯು ಹತ್ತಂಗುಲ ನಿಲ್ಲುವುದು. ಅದರ ಹಿಂದೆ ಎಷ್ಟು ಜನರಿರುವರೆಂದು ಕೆಳಗಿನವನಿಗೆ ತೋರದು. ಪಾಠದಿಂದ ತಿಳಿಯದುದು ಅಳತೆಯಿಂದ ತಿಳಿಯುವುದು.

ಆದರೆ ಬಂದೂಕವೆತ್ತಿದವರನ್ನೇ ಸಾಲಾಗಿ ನಿಲ್ಲಿಸಿದರೆ ಮಾದರಿಯು ಸುಳ್ಳಾಗುವುದು. ಎರಡು ಪಕ್ಷಗಳಲ್ಲಿಯೂ ಕಾದಿದವರಲ್ಲಿ ಬಹುಮಂದಿ ನಮ್ಮ ದೇಶದವರೇ. ಗಾಯಗೊಂಡವನೂ, ಅವನಿಗೆ ನೀರೊಯ್ಯುವವನೂ, ತುಳಿದು ಹಾಳಾದ ಹೊಲವೂ ಅಲ್ಲಿರಲೇಬೇಕು. ಇವುಗಳನ್ನು ಬಿಟ್ಟ ಯುದ್ಧವು ಬರಿಯ ಆಟವೇ ಸರಿ. ಇವುಗಳನ್ನು ಸೇರಿಸಿ ಮಾಡಿದವಳು ಯುದ್ಧವನ್ನು ಹಗುರವಾಗಿ ಹೊಗಳಲಾರಳು.

ಆದುದರಿಂದ ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳಿಗೆ ಜೇಡಿಮಣ್ಣು, ಕಾಗದ, ಅಂಟು, ಅಳತೆಪಟ್ಟಿಗಳನ್ನು ಒದಗಿಸಿಕೊಡಲೆಂದೂ, ಹಳೆಯ ವಿದ್ಯಾರ್ಥಿನಿಯರು ಬಿಡುವಿನಲ್ಲಿ ಅವರೊಡನೆ ಕುಳಿತು ನೆರವಾಗಲೆಂದೂ ನಮ್ಮ ಬಿನ್ನಹ.