ಕೆರೆಯಂಗಳದ ಬಡಾವಣೆ

ಬೆಂಗಳೂರಿನ ಕೋರಮಂಗಲದಲ್ಲಿ ‘ಎಸ್.ಟಿ. ಬೆಡ್’ ಎಂಬ ಬಡಾವಣೆಯೊಂದಿದೆ. ಎಸ್.ಟಿ. ಎಂದರೆ ಶ್ರೀನಿವಾಗಿಲು ಟ್ಯಾಂಕ್. ಅಂದರೆ ಬಡಾವಣೆಯ ಹೆಸರೇ ಶ್ರೀನಿವಾಗಿಲು ಕೆರೆಯಂಗಳ. ಕೆರೆಯನ್ನು ಸಮತಟ್ಟು ಮಾಡಿ ನಿವೇಶನ ಹಂಚಿದವರು ಹೆಸರಿನಲ್ಲಾದರೂ ಸತ್ಯವನ್ನು ಉಳಿಸಿದರು, ಅದೂ ಎರಡು ಇಂಗ್ಲಿಷ್ ಅಕ್ಷರಗಳ ಮರೆಯಲ್ಲಿ. ದೊಡ್ಡ ಮಳೆ ಸುರಿದಾಗ ಅಲ್ಲಿ ನೀರು ನಿಲ್ಲುತ್ತದೆ. ‘ಮನೆಗಳಿಗೆ ನೀರು ನುಗ್ಗಿತು’ ಎಂದು ಸುದ್ದಿಯಾಗುತ್ತದೆ. ಮೊದಲು ನುಗ್ಗಿದ್ದು ಯಾವುದು, ನೀರೋ ಮನೆಯೋ?

2022ರ ಸೆಪ್ಟೆಂಬರ್ 5ರ ಬೆಳಗಿಗೆ ಕೊನೆಗೊಂಡ ಒಂದು ದಿನದಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆಯಾಯಿತು. ಸರ್ಜಾಪುರ ರಸ್ತೆಯ ಸಿರಿವಂತ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತರಬೇಕಾಯಿತು. ಕೂಲಿಕಾರರ ಶೆಡ್ಡುಗಳೂ ಮುಳುಗಿದವು. ಅವುಗಳ ಚಿತ್ರ ಅಷ್ಟಾಗಿ ಅಚ್ಚಾಗಲಿಲ್ಲ. ಆಗುಂಬೆಯ ಆಷಾಢದಲ್ಲಿ ಇಷ್ಟು ಮಳೆ ಅಪರೂಪವೇನಲ್ಲ. ದೋಷವನ್ನು ಮಳೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಬೆಂಗಳೂರು ಏರುನೆಲದ ಊರು. ಬಿದ್ದ ಮಳೆ ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಮೊದಲಾದ ಕಣಿವೆಗಳಗುಂಟ ಇಳಿಯುತ್ತದೆ. ಹಿಂದಿನವರು ಆ ಕಣಿವೆಗಳಲ್ಲಿ ಸಾಲುಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿಬಿದ್ದರೆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸಾಗುತ್ತಿತ್ತು, ನಡುವೆ ಗದ್ದೆಬಯಲು. ಮಳೆಯ ಮೊದಲ ರಭಸವನ್ನು ತಾಳಿಕೊಳ್ಳುತ್ತಿದ್ದುದು ಕೆರೆ ಮತ್ತು ಗದ್ದೆ. ಉಳಿದುದನ್ನು ಸಾಗಿಸುವುದಷ್ಟೇ ಕಾಲುವೆಯ ಕೆಲಸ. ಈಗ ಅನೇಕ ಕೆರೆಗಳೂ ಗದ್ದೆಗಳೂ ಬಡಾವಣೆಗಳಾಗಿ, ಮೂವರ ಹೊರೆ ಕಾಲುವೆಯೊಂದರ ತಲೆಗೇ ಬಿದ್ದಿದೆ. ಅದರ ಹೊಟ್ಟೆಯಲ್ಲೋ ಹೂಳು, ಕಟ್ಟಡದ ಕಸ, ಊರಿನ ಕೊಳಚೆ.

ಇದಕ್ಕೆ ಸರ್ಕಾರ ಕಂಡುಕೊಂಡ ಪರಿಹಾರ ಕಾಂಕ್ರೀಟ್ ತಡೆಗೋಡೆ. ಗೋಡೆ ಎದ್ದಲ್ಲಿಯ ಜನಕ್ಕೆ ನೆಮ್ಮದಿಯಾಗುವುದು ನಿಜ. ಆದರೆ ನುಣುಪು ಗೋಡೆಗಳ ನಡುವೆ ನೀರು ಇನ್ನಷ್ಟು ವೇಗ ಪಡೆದು ಕೆಳಗಿನ ಬಡಾವಣೆಯನ್ನು ಬೇಗ ಮುಟ್ಟುತ್ತದೆ. ಮೇಲಿನ ತೋಟದವನು ಬಸಿಗಾಲುವೆಯ ನೀರನ್ನು ಕೆಳಗಿನವನ ತೋಟಕ್ಕೆ ತಿರುಗಿಸಿದರೆ ಹಳ್ಳಿಯಲ್ಲಿ ಪಂಚಾಯಿತಿ ಸೇರುತ್ತದೆ. ನಗರದಲ್ಲಿ ಅದೇ ಕೆಲಸಕ್ಕೆ ಟೆಂಡರು ಕರೆಯುತ್ತಾರೆ. ಕೆರೆ ಕಾಲುವೆಗಳ ಅಂಚಿನಲ್ಲಿ ಕಟ್ಟಡವಿಲ್ಲದ ಮೀಸಲು ಜಾಗವನ್ನು ಹಸಿರು ನ್ಯಾಯಮಂಡಳಿ 2016ರಲ್ಲಿ ಹಿಗ್ಗಿಸಿ, ಕೆರೆಗೆ 75 ಮೀಟರ್ ಎಂದು ವಿಧಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ನಗರದ ಮಹಾಯೋಜನೆಯಲ್ಲಿದ್ದ 30 ಮೀಟರೇ ಮತ್ತೆ ಅನ್ವಯವಾಯಿತು.

ಇದು ದೂರದ ರಾಜಧಾನಿಯ ಕಥೆಯೆಂದು ಮಲೆನಾಡಿಗರು ಸುಮ್ಮನಿರಬಹುದೇ? ಇಲ್ಲಿಯ ಪೇಟೆಗಳ ಅಂಚಿನಲ್ಲೂ ಗದ್ದೆಗಳಿಗೆ ಕೆಮ್ಮಣ್ಣು ತುಂಬಿ ನಿವೇಶನದ ಕಲ್ಲು ನೆಡಲಾಗುತ್ತಿದೆ. ಗುಡ್ಡದ ನೀರಿಗೆ ಹಳ್ಳದ ಬದಲು ಎರಡಡಿಯ ಸಿಮೆಂಟ್ ಪೈಪು. ಬೆಂಗಳೂರಿನ ಹಲವು ಪಟ್ಟು ಮಳೆ ಬೀಳುವ ಸೀಮೆಯಲ್ಲಿ ಈ ಧೈರ್ಯ ಎಲ್ಲಿಂದ ಬಂತೋ! ಸಾರ್ವಜನಿಕ ಹಳ್ಳ, ದಾರಿಗಳು ಕಂದಾಯ ದಾಖಲೆಯಲ್ಲಿ ‘ಬಿ’ ಖರಾಬು. ಅವು ಯಾರ ಸ್ವಂತ ಆಸ್ತಿಯೂ ಅಲ್ಲ. ಗ್ರಾಮ ನಕಾಶೆಯಲ್ಲಿ ಅವುಗಳ ಗೆರೆ ಇದೆ. ಭೂಪರಿವರ್ತನೆಯ ಅರ್ಜಿ ಬಂದಾಗ ಆ ನಕಾಶೆಯನ್ನು ಗ್ರಾಮಸಭೆಯಲ್ಲಿ ಬಿಡಿಸಿ ನೋಡಬೇಕು. ಓದು ಬಲ್ಲ ಹುಡುಗರು ಹಳ್ಳದ ಗೆರೆಯನ್ನು ಹಿರಿಯರಿಗೆ ತೋರಿಸಲಿ, ಹಳ್ಳ ಎಲ್ಲಿಯವರೆಗೆ ಉಕ್ಕುತ್ತಿತ್ತೆಂದು ಹಿರಿಯರು ಅವರಿಗೆ ತೋರಿಸಲಿ. ಸ್ಥಳಪರಿಶೀಲನೆ ಮಾತ್ರ ಬೇಸಿಗೆಯಲ್ಲಿ ಬೇಡ. ಅಧಿಕಾರಿಗಳು ಆಷಾಢದಲ್ಲೇ ಬಂದು ಆ ಗದ್ದೆಯಲ್ಲಿ ಇಳಿದು ನೋಡಲೆಂದು ಊರವರು ಪಟ್ಟು ಹಿಡಿಯಬೇಕು.